ಹರಿದ ಕುರ್ತಾ ಬಿಡಿ, ಕಡತ ತೆರೆಯಿರಿ

‘ನಿಮ್ಮ ಆದರ್ಶ ನಾಯಕ ಯಾರು?’ ಎಂಬ ಪ್ರಶ್ನೆಗೆ ಹಿಂದಿನ ಸಂಚಿಕೆಯಲ್ಲಿ ‘ಲಾಲ್ ಬಹಾದೂರ್ ಶಾಸ್ತ್ರಿ’ ಎಂದಷ್ಟೇ ಬರೆದು ಸುಮ್ಮನಾಗಿದ್ದೆ. ಓದುಗರು ಸುಮ್ಮನಾಗಲಿಲ್ಲ. ಮೆಚ್ಚಿ ಬರೆದವರಿಗಿಂತ ಜಗಳಕ್ಕೆ ಬಂದವರೇ ಹೆಚ್ಚು. ಅದು ನನಗೂ ಇಷ್ಟವೇ. ಸಂಪಾದಕರು ಈ ಸಲದ ಅಂಕಣವನ್ನು ಪೂರ್ತಿ ಈ ಪತ್ರಗಳಿಗೇ ಬಿಟ್ಟುಕೊಟ್ಟಿದ್ದಾರೆ. ಪಿಂಚಣಿ, ಮಂಡಿನೋವು, ಅತ್ತೆ-ಸೊಸೆಯರ ತಕರಾರು ಎಲ್ಲವೂ ಮುಂದಿನ ಸಂಚಿಕೆಗೆ.

ಪ್ರಶ್ನೆ: ಸುಮಾರು ಹದಿನೇಳು ವರ್ಷ ದೇಶ ಆಳಿದ ನೆಹರೂ ಇದ್ದಾರೆ, ಬಾಂಗ್ಲಾ ಯುದ್ಧ ಗೆದ್ದ ಇಂದಿರಾ ಇದ್ದಾರೆ. ಹತ್ತೊಂಬತ್ತು ತಿಂಗಳು ಕುರ್ಚಿಯಲ್ಲಿದ್ದವರನ್ನು ಆದರ್ಶ ಎನ್ನುವುದು ವಯಸ್ಸಾದವರ ಭಾವುಕತೆಯಲ್ಲವೇ?
— ಕಾನೂನು ವಿದ್ಯಾರ್ಥಿ, ಧಾರವಾಡ

ಉತ್ತರ: ವಯಸ್ಸಾಗಿರುವುದು ನಿಜ, ಮುಚ್ಚಿಡುವುದಿಲ್ಲ. ಆದರೆ ನೀವು ತಿಂಗಳುಗಳನ್ನು ಎಣಿಸಿದಿರಿ, ಅವುಗಳೊಳಗೆ ಏನೇನು ತುರುಕಿಕೊಂಡಿತ್ತು ಎಂದು ನೋಡಲಿಲ್ಲ.

1964ರ ಜೂನ್ 9ರಂದು ಅವರು ಪ್ರಮಾಣವಚನ ಸ್ವೀಕರಿಸಿದಾಗ ಚೀನಾದ ಎದುರು ಸೋತ ಗಾಯ ಇನ್ನೂ ಹಸಿಯಾಗಿತ್ತು, ಧಾನ್ಯದ ಅಂಗಡಿಗಳ ಮುಂದೆ ಸಾಲು ಬೆಳೆಯುತ್ತಿತ್ತು. ಆ ತಿಂಗಳು ಮುಗಿಯುವ ಮೊದಲೇ ಹೃದಯದ ತೊಂದರೆಯಿಂದ ಹಾಸಿಗೆ ಹಿಡಿದರು; ಜುಲೈಯಲ್ಲಿ ಲಂಡನ್ನಿನ ಕಾಮನ್‌ವೆಲ್ತ್ ಸಭೆಗೆ ಹೋಗಲಾಗಲಿಲ್ಲ. ಅಕ್ಟೋಬರಿನಲ್ಲಿ ಸಿಲೋನ್ (ಇಂದಿನ ಶ್ರೀಲಂಕಾ) ಜೊತೆ ಒಪ್ಪಂದ. 1965ರ ಜನವರಿಯಲ್ಲಿ ಭಾರತೀಯ ಆಹಾರ ನಿಗಮ, ಅದೇ ತಿಂಗಳು ಕೃಷಿ ಬೆಲೆ ಆಯೋಗ, ಅದೇ ತಿಂಗಳ ಕೊನೆಗೆ ಮದ್ರಾಸಿನಲ್ಲಿ ಹಿಂದಿ ವಿರೋಧದ ಬೆಂಕಿ. ಏಪ್ರಿಲಿನಲ್ಲಿ ಕಛ್ ರಣದಲ್ಲಿ ಗುಂಡಿನ ಸದ್ದು, ಆಗಸ್ಟಿನಲ್ಲಿ ಕಾಶ್ಮೀರಕ್ಕೆ ನುಸುಳುಕೋರರು, ಸೆಪ್ಟೆಂಬರಿನಲ್ಲಿ ಪೂರ್ಣ ಯುದ್ಧ. ಸಾಲದೆಂಬಂತೆ ಅದೇ ವರ್ಷ ಮಳೆಯೂ ಕೈಕೊಟ್ಟಿತು. 1966ರ ಜನವರಿ 10ರಂದು ತಾಷ್ಕೆಂಟಿನಲ್ಲಿ ಪಾಕಿಸ್ತಾನದೊಡನೆ ಶಾಂತಿ ಒಪ್ಪಂದಕ್ಕೆ ಸಹಿ. ಈ ನಡುವೆ ಲೋಕಸಭೆಯಲ್ಲಿ ಮೂರು ಅವಿಶ್ವಾಸ ನಿರ್ಣಯಗಳನ್ನೂ ಎದುರಿಸಿದ್ದರು. ಐದು ವರ್ಷ ಆರಾಮವಾಗಿ ಕುಳಿತು ಎದ್ದುಹೋದವರ ಪಟ್ಟಿಯಲ್ಲಿ ಇಷ್ಟು ಸಾಮಾನು ಇದ್ದರೆ ಬರೆದು ಕಳುಹಿಸಿ.

ನನಗೆ ಹಿಡಿಸಿದ್ದು ಅವರು ನಿರ್ಧಾರಕ್ಕೆ ಬರುತ್ತಿದ್ದ ಬಗೆ. ಎಲ್ಲರ ಮಾತನ್ನೂ ಕೇಳುತ್ತಿದ್ದರು. ಇದನ್ನು ಆಗಿನ ಎಷ್ಟೋ ಜನ ಹಿಂಜರಿಕೆ ಎಂದುಕೊಂಡರು. ಗಡಿಯಾಚೆ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಕೂಡ ಹಾಗೇ ಅಂದುಕೊಂಡಿದ್ದಿರಬೇಕು. ಸೆಪ್ಟೆಂಬರ್ 1ರಂದು ಪಾಕಿಸ್ತಾನದ ಟ್ಯಾಂಕುಗಳು ಛಂಬ್ ಕಡೆಯಿಂದ ಅಖ್ನೂರಿನತ್ತ ನುಗ್ಗಿದವು. ಸೆಪ್ಟೆಂಬರ್ 6ರಂದು ಭಾರತದ ಸೇನೆ ಪಂಜಾಬಿನಲ್ಲಿ ಅಂತರರಾಷ್ಟ್ರೀಯ ಗಡಿ ದಾಟಿ ಲಾಹೋರಿನತ್ತ ಹೊರಟಿತ್ತು. ಹಿಂಜರಿಯುವ ಮನುಷ್ಯ ಅಂಥ ಅಪ್ಪಣೆ ಕೊಡುವುದಿಲ್ಲ.

ಕಾನೂನು ಓದುತ್ತಿದ್ದೀರಿ, ಆದ್ದರಿಂದ ಒಂದು ಮನೆಗೆಲಸ. ಗೃಹ ಸಚಿವರಾಗಿದ್ದಾಗ 1962ರಲ್ಲಿ ಭ್ರಷ್ಟಾಚಾರ ತಡೆಗಾಗಿ ಕೆ. ಸಂತಾನಂ ಅಧ್ಯಕ್ಷತೆಯ ಸಮಿತಿಯನ್ನು ನೇಮಿಸಿದವರು ಶಾಸ್ತ್ರಿ. ಕೇಂದ್ರ ಜಾಗೃತ ಆಯೋಗ ಹುಟ್ಟಿದ್ದು ಆ ಸಮಿತಿಯ ಶಿಫಾರಸಿನಿಂದ. ಸಿಬಿಐ ರೂಪುಗೊಂಡಿದ್ದೂ ಅವರದೇ ಇಲಾಖೆಯ ಅಡಿಯಲ್ಲಿ, 1963ರ ಏಪ್ರಿಲ್ 1ರಂದು. ಆ ವರದಿಯನ್ನು ಗ್ರಂಥಾಲಯದಲ್ಲಿ ಹುಡುಕಿ ಓದಿ. ಆಮೇಲೆ ಭಾವುಕತೆಯ ಬಗ್ಗೆ ಮಾತನಾಡೋಣ.

ಪ್ರಶ್ನೆ: ವಾಟ್ಸ್ಆ್ಯಪ್‌ನಲ್ಲಿ ಬಂದಿದೆ: ಶಾಸ್ತ್ರಿಯವರು ಪ್ರಧಾನಿಯಾಗಿದ್ದಾಗ ಸಾಲ ಮಾಡಿ ಕಾರು ಕೊಂಡಿದ್ದರಂತೆ, ಹರಿದ ಕುರ್ತಾಗಳಿಂದ ಕರವಸ್ತ್ರ ಮಾಡಿಸುತ್ತಿದ್ದರಂತೆ. ನಿಜವೇ? ಇಂಥ ನಾಯಕರು ಈಗೇಕಿಲ್ಲ?
— ನಿವೃತ್ತ ಬ್ಯಾಂಕ್ ಉದ್ಯೋಗಿ, ಶಿವಮೊಗ್ಗ

ಉತ್ತರ: ಕಾರಿನ ಕಥೆ ನಿಜ. ಫಿಯೆಟ್ ಕಾರಿಗೆ ಆಗ 12,000 ರೂಪಾಯಿ, ಖಾತೆಯಲ್ಲಿದ್ದದ್ದು 7,000. ಉಳಿದ 5,000 ರೂಪಾಯಿಗೆ ಪಂಜಾಬ್ ನ್ಯಾಷನಲ್ ಬ್ಯಾಂಕಿನಲ್ಲಿ ಸಾಲ. ಸಾಲ ತೀರುವ ಮೊದಲೇ ಸಾಲಗಾರರು ತೀರಿಕೊಂಡರು. ಪತ್ನಿ ಲಲಿತಾ ಅವರು ಪಿಂಚಣಿಯಿಂದ ಕಟ್ಟಿ ಮುಗಿಸಿದರು. ಆ ಕಾರು ಈಗಲೂ ದೆಹಲಿಯ ಅವರ ಸ್ಮಾರಕದಲ್ಲಿ ನಿಂತಿದೆ. ಬ್ಯಾಂಕಿನಲ್ಲಿದ್ದ ನಿಮಗೆ ಈ ಸಾಲ ಮರುಪಾವತಿಯಾಗಿದ್ದು ಸಂತೋಷದ ಸಂಗತಿಯೇ ಇರಬೇಕು.

ಆದರೆ ಒಂದು ಮಾತು ಹೇಳಿಬಿಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಸಾಲದ ಕಾರು, ಹರಿದ ಕುರ್ತಾ, ಪುಸ್ತಕ ತಲೆಯ ಮೇಲಿಟ್ಟುಕೊಂಡು ಗಂಗೆಯನ್ನು ಈಜಿದ ಹುಡುಗ: ಈ ಮೂರನ್ನೇ ವರ್ಷವರ್ಷವೂ ಹೇಳಿ ಹೇಳಿ ನಾವು ಶಾಸ್ತ್ರಿಯವರನ್ನು ಒಬ್ಬ ಪಾಪದ ಮನುಷ್ಯನನ್ನಾಗಿ ಮಾಡಿ ಕೂರಿಸಿದ್ದೇವೆ. ಅಯ್ಯೋ ಎನ್ನುತ್ತೇವೆ, ಕೈ ಮುಗಿಯುತ್ತೇವೆ, ಮುಂದೆ ಹೋಗುತ್ತೇವೆ. ನಾನು ಹುಟ್ಟಿದ್ದು ರೈಲ್ವೆ ಕ್ವಾರ್ಟರ್ಸಿನಲ್ಲಿ. ಅಪ್ಪ ಗ್ಯಾಂಗ್‌ಮನ್. ಆ ಸಾಲುಮನೆಗಳಲ್ಲಿ ಪ್ರಾಮಾಣಿಕ ಬಡವರಿಗೇನೂ ಕೊರತೆಯಿರಲಿಲ್ಲ. ಒಂದೇ ಅಂಗಿಯನ್ನು ಹೊಲಿದು ಹೊಲಿದು ತೊಟ್ಟವರು ಮನೆಗೊಬ್ಬರಿದ್ದರು. ಅವರನ್ನು ನಾನು ಗೌರವಿಸುತ್ತೇನೆ, ಆದರೆ ಅವರಾರೂ ದೇಶದ ಆಹಾರ ನೀತಿಯನ್ನು ಬದಲಿಸಲಿಲ್ಲ. ಶಾಸ್ತ್ರಿ ಬದಲಿಸಿದರು. ಬಡತನ ಅವರಿಗೆ ಒದಗಿ ಬಂದದ್ದು, ಕೆಲಸ ಅವರು ಮಾಡಿದ್ದು. ಮೆಚ್ಚುವುದಾದರೆ ಮಾಡಿದ್ದನ್ನು ಮೆಚ್ಚಿ.

ಈಗೇಕೆ ಅಂಥವರಿಲ್ಲ ಎಂದು ಕೇಳಿದ್ದೀರಿ. ಸರಳತೆಯ ಕಥೆ ಇಂದಿನ ರಾಜಕಾರಣಿಗೂ ಬಲು ಅನುಕೂಲ. ಅಕ್ಟೋಬರ್ 2ರಂದು ವೇದಿಕೆಯ ಮೇಲೆ ಹರಿದ ಕುರ್ತಾದ ಕಥೆ ಹೇಳಿ ಕೆಳಗಿಳಿದು ಲಕ್ಷಾಂತರ ರೂಪಾಯಿಯ ಕಾರು ಹತ್ತಬಹುದು, ಯಾರೂ ಏನೂ ಅನ್ನುವುದಿಲ್ಲ. ಅದೇ ಆಹಾರ ನಿಗಮದ ಕಥೆಯನ್ನೋ ಅರಿಯಲೂರು ರೈಲು ದುರಂತಕ್ಕೆ ಕೊಟ್ಟ ರಾಜೀನಾಮೆಯ ಕಥೆಯನ್ನೋ ಹೇಳಿದರೆ ಮುಂದಿನ ಸಾಲಿನವರು ಎದ್ದು ‘ಸ್ವಾಮಿ, ತಮ್ಮದೇನು?’ ಎಂದು ಕೇಳುತ್ತಾರೆ. ಅದಕ್ಕೇ ಆ ಕಥೆಗಳು ವಾಟ್ಸ್ಆ್ಯಪ್‌ನಲ್ಲಿ ಬರುವುದಿಲ್ಲ.

ಪ್ರಶ್ನೆ: ಅರಿಯಲೂರು ರೈಲು ದುರಂತದ ನಂತರ ರಾಜೀನಾಮೆ ಕೊಟ್ಟದ್ದೇ ದೊಡ್ಡ ಸಾಧನೆ ಎನ್ನುತ್ತಾರೆ. ರಾಜೀನಾಮೆಯಿಂದ ಸತ್ತವರು ಎದ್ದು ಬಂದರೇ? ಮರುವರ್ಷವೇ ಮತ್ತೆ ಮಂತ್ರಿಯಾದರಲ್ಲ! ಇದು ನಾಟಕವಲ್ಲವೇ?
— ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು

ಉತ್ತರ: ಸತ್ತವರು ಬರಲಿಲ್ಲ. ಮರುವರ್ಷ ಮಂತ್ರಿಯಾದದ್ದೂ ನಿಜ. 1957ರ ಚುನಾವಣೆಯಲ್ಲಿ ಅಲಹಾಬಾದಿನಿಂದ ಗೆದ್ದು ಸಾರಿಗೆ ಮತ್ತು ಸಂಪರ್ಕ ಖಾತೆ ವಹಿಸಿಕೊಂಡರು. ನೀವು ಹೇಳಿದ್ದನ್ನೆಲ್ಲ ಒಪ್ಪಿಕೊಂಡೇ ಹೇಳುತ್ತೇನೆ, ಅದು ನಾಟಕವಲ್ಲ.

ನಡೆದದ್ದನ್ನು ಸಾಲಾಗಿ ನೋಡಿ. 1956ರ ಸೆಪ್ಟೆಂಬರಿನಲ್ಲಿ ಮೆಹಬೂಬ್‌ನಗರದ ಬಳಿ ಸೇತುವೆ ಕುಸಿದು ರೈಲು ಬಿತ್ತು, ನೂರಕ್ಕೂ ಹೆಚ್ಚು ಜನ ಸತ್ತರು. ಶಾಸ್ತ್ರಿ ರಾಜೀನಾಮೆ ಕೊಡಲು ಹೋದರು, ನೆಹರೂ ಒಪ್ಪಲಿಲ್ಲ. ನವೆಂಬರ್ 23ರ ಬೆಳಗಿನ ಜಾವ ಮದ್ರಾಸಿನಿಂದ ತೂತುಕುಡಿಗೆ ಹೊರಟಿದ್ದ ಎಕ್ಸ್‌ಪ್ರೆಸ್ ಅರಿಯಲೂರಿನ ಹತ್ತಿರ ಮರುದೈಯಾರು ನದಿಗೆ ಬಿತ್ತು. ಪ್ರವಾಹ ಸೇತುವೆಯ ಬುಡವನ್ನೇ ಕೊರೆದಿತ್ತು. ಸತ್ತವರು ನೂರನಲವತ್ತಕ್ಕೂ ಹೆಚ್ಚು. ಈ ಸಲ ಶಾಸ್ತ್ರಿ ಹಟ ಬಿಡಲಿಲ್ಲ. ನೆಹರೂ ಸಂಸತ್ತಿನಲ್ಲಿ ಹೇಳಿದ್ದರ ಸಾರಾಂಶ ಇಷ್ಟು: ಅಪಘಾತಕ್ಕೆ ಸಚಿವರೇ ಕಾರಣರೆಂದು ಒಪ್ಪಿಕೊಳ್ಳುತ್ತಿಲ್ಲ, ಸಾಂವಿಧಾನಿಕ ನಡತೆಗೆ ಇದೊಂದು ಮಾದರಿಯಾಗಲಿ ಎಂದು ಒಪ್ಪಿಕೊಳ್ಳುತ್ತಿದ್ದೇನೆ.

ಇನ್ನು ನನ್ನ ಕಡೆಯ ಮಾತು. ಮಳೆಗಾಲದ ರಾತ್ರಿಗಳಲ್ಲಿ ಅಪ್ಪ ಕಂದೀಲು, ಕೆಂಪು ಬಾವುಟ, ಹಳಿಯ ಮೇಲಿಟ್ಟು ಸಿಡಿಸುವ ಡಿಟೋನೇಟರ್ ಡಬ್ಬಿ ಹಿಡಿದು ಒಂದು ಸೇತುವೆಯಿಂದ ಇನ್ನೊಂದು ಸೇತುವೆಯವರೆಗೆ ನಡೆಯುತ್ತಿದ್ದರು. ನೀರು ಕಂಬದ ಗುರುತು ಮೀರಿದರೆ ಗಾಡಿ ನಿಲ್ಲಿಸಬೇಕಾದದ್ದು ಅವರು. ನಿಲ್ಲಿಸಿ, ನೀರು ಇಳಿದುಬಿಟ್ಟರೆ ಗಾಡಿ ತಡಮಾಡಿದ್ದಕ್ಕೆ ವಿವರಣೆ ಕೊಡಬೇಕಾದದ್ದೂ ಅವರೇ. ಮುಂದೆ ನಾನೂ ಸ್ಟೇಷನ್ ಮಾಸ್ತರನಾಗಿ ಬಾಳು ಕಳೆದೆ. ಯಾವ ಇಲಾಖೆಯಾದರೂ ಸರಿ, ಅನಾಹುತವಾದ ಮರುಗಳಿಗೆ ಜವಾಬ್ದಾರಿ ಮೇಲಿನಿಂದ ಕೆಳಗೆ ಹರಿಯಲು ಶುರುವಾಗುತ್ತದೆ. ಮೊದಲು ಅಮಾನತಾಗುವವನು ಪಾಯಿಂಟ್ಸ್‌ಮನ್, ಚಾಲಕ, ಗ್ಯಾಂಗ್‌ಮನ್. ಸೇತುವೆಯ ದುರಸ್ತಿಗೆ ಹಣ ಬೇಡವೆಂದು ಬರೆದವನ ಹೆಸರು ಕಡತದೊಳಗೆ ಬೆಚ್ಚಗೆ ಮಲಗಿರುತ್ತದೆ. ಅರಿಯಲೂರಿನ ಸುದ್ದಿ ಬಂದಾಗ ನಾನಿನ್ನೂ ತೊಟ್ಟಿಲ ಕೂಸು. ಆದರೆ ಅಪ್ಪನ ಗ್ಯಾಂಗಿನವರು ಆ ಮಾತನ್ನು ವರ್ಷಗಟ್ಟಲೆ ಆಡುತ್ತಿದ್ದರು: ‘ಮಂತ್ರಿಯೇ ಹೋದನಂತೆ!’ ಅವರ ಬೆರಗು ಮಂತ್ರಿಯ ತ್ಯಾಗಕ್ಕಲ್ಲ. ಜವಾಬ್ದಾರಿ ಒಂದು ಸಲವಾದರೂ ಕೆಳಗಿನಿಂದ ಮೇಲಕ್ಕೆ ಹತ್ತಿತಲ್ಲ ಎಂಬುದಕ್ಕೆ.

ನಿಮ್ಮ ಕಚೇರಿಯಲ್ಲಿ ಒಂದು ತಂತ್ರಾಂಶ ಕುಸಿದುಬಿದ್ದರೆ ಮೊದಲು ಯಾರ ಕೆಲಸ ಹೋಗುತ್ತದೆ, ಬರೆದು ತಿಳಿಸಿ.

ಪ್ರಶ್ನೆ: ಲಾಲ್ ಬಹಾದೂರ್ ಶಾಸ್ತ್ರಿ ಗೊತ್ತೇ ಎಂದು ಕೇಳಿದರೆ ನನ್ನ ಮೊಮ್ಮಗ ‘ರವಿ ಶಾಸ್ತ್ರಿ ಗೊತ್ತು’ ಎನ್ನುತ್ತಾನೆ. ಏನು ಮಾಡಲಿ?
— ಅಜ್ಜಿ, ತುಮಕೂರು

ಉತ್ತರ: ಬಯ್ಯಬೇಡಿ. ರವಿ ಶಾಸ್ತ್ರಿಯವರೂ ಹತ್ತನೇ ಕ್ರಮಾಂಕದಲ್ಲಿ ಆಡಲು ಬಂದು ಆರಂಭಿಕ ಆಟಗಾರರಾದವರು. ಲಾಲ್ ಬಹಾದೂರರದೂ ಹೆಚ್ಚುಕಡಿಮೆ ಅದೇ ಕಥೆ. ಅಲ್ಲಿಂದಲೇ ಶುರುಮಾಡಿ.

ಪ್ರಶ್ನೆ: ಅಕ್ಟೋಬರ್ 2ರಂದು ಶಾಲೆಯಲ್ಲಿ ಗಾಂಧೀಜಿಯ ಬಗ್ಗೆ ಹೇಳಿ ಮುಗಿಯುವ ಹೊತ್ತಿಗೆ ಮಕ್ಕಳು ಸಿಹಿ ಹಂಚುವುದನ್ನು ಕಾಯುತ್ತಿರುತ್ತಾರೆ. ಶಾಸ್ತ್ರಿಯವರಿಗೆ ಉಳಿಯುವುದು ಐದು ನಿಮಿಷ. ಗಂಗಾನದಿಯ ಕಥೆ ಬಿಟ್ಟು ಏನು ಹೇಳಲಿ?
— ಪ್ರಾಥಮಿಕ ಶಾಲಾ ಶಿಕ್ಷಕಿ, ಹಾವೇರಿ

ಉತ್ತರ: ಹಾಲಿನ ಕಥೆ ಹೇಳಿ. ಸಿಹಿ ಹಂಚುವ ಹೊತ್ತಿಗೆ ಸರಿಹೋಗುತ್ತದೆ.

1964ರ ಅಕ್ಟೋಬರ್ ಕೊನೆಯಲ್ಲಿ ಶಾಸ್ತ್ರಿಯವರು ಗುಜರಾತಿನ ಆಣಂದ್‌ಗೆ ಹೋದರು. ಅಮುಲ್ ಸಹಕಾರಿಯ ಪಶು ಆಹಾರ ಕಾರ್ಖಾನೆಯನ್ನು ಉದ್ಘಾಟಿಸಬೇಕಿತ್ತು. ರಿಬ್ಬನ್ ಕತ್ತರಿಸಿ ಹಿಂದಿರುಗಬಹುದಿತ್ತು. ಬದಲಿಗೆ ಒಂದು ಹಳ್ಳಿಯಲ್ಲಿ ರೈತನ ಮನೆಯಲ್ಲಿ ರಾತ್ರಿ ಉಳಿಯುತ್ತೇನೆ ಎಂದರು. ಭದ್ರತೆಯವರಿಗೆ ಫಜೀತಿ. ಹಳ್ಳಿಯವರ ಜೊತೆ ಮಾತನಾಡಿದರು, ಎಮ್ಮೆ ಎಷ್ಟು, ಹಾಲು ಎಷ್ಟು, ಹಣ ಯಾವಾಗ ಕೈಗೆ ಬರುತ್ತದೆ ಎಂದೆಲ್ಲ ಕೇಳಿದರು. ಅವರ ತಲೆಯಲ್ಲಿದ್ದದ್ದು ಒಂದೇ ಒಗಟು. ಇಲ್ಲಿನ ಮಣ್ಣು ವಿಶೇಷವೇನಲ್ಲ, ಮಳೆ ವಿಶೇಷವೇನಲ್ಲ, ಎಮ್ಮೆಯೂ ಬೇರೆ ಕಡೆಗಿಂತ ಹೆಚ್ಚೇನಲ್ಲ. ಸರ್ಕಾರ ಹಣ ಸುರಿದ ಹಾಲಿನ ಯೋಜನೆಗಳು ಬೇರೆಡೆ ಮುಗ್ಗರಿಸುತ್ತಿರುವಾಗ ಇದೊಂದು ಹೇಗೆ ಗೆದ್ದಿತು? ಅಮುಲ್ ನಡೆಸುತ್ತಿದ್ದ ವರ್ಗೀಸ್ ಕುರಿಯನ್ ಕೊಟ್ಟ ಉತ್ತರ ಸರಳವಾಗಿತ್ತು: ಇದರ ಯಜಮಾನರು ರೈತರೇ, ನಾನು ಅವರ ನೌಕರ. ಹಾಗಾದರೆ ಇದನ್ನೇ ಇಡೀ ದೇಶದಲ್ಲಿ ಮಾಡಿ ಎಂದರು ಶಾಸ್ತ್ರಿ. 1965ರಲ್ಲಿ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಹುಟ್ಟಿತು. ದೆಹಲಿಯಲ್ಲಿ ಕೂರುವುದಿಲ್ಲ ಎಂದು ಕುರಿಯನ್ ಪಟ್ಟುಹಿಡಿದದ್ದರಿಂದ ಅದರ ಕೇಂದ್ರ ಕಚೇರಿ ಆಣಂದ್‌ನಲ್ಲೇ ನಿಂತಿತು. ಎಪ್ಪತ್ತರ ದಶಕದಲ್ಲಿ ಅದೇ ಮಾದರಿ ಕರ್ನಾಟಕಕ್ಕೆ ಬಂತು. ನಿಮ್ಮ ತರಗತಿಯ ಎಷ್ಟು ಮಕ್ಕಳ ಮನೆಯಿಂದ ಊರಿನ ಡೈರಿಗೆ ಹಾಲು ಹೋಗುತ್ತದೆ, ಕೈ ಎತ್ತಿಸಿ ನೋಡಿ. ನಂದಿನಿ ಪ್ಯಾಕೆಟ್ಟಿಗೂ ಆ ಹಳ್ಳಿಯ ರಾತ್ರಿಗೂ ಇರುವ ನಂಟನ್ನು ಅವರೇ ಹಿಡಿಯುತ್ತಾರೆ.

ಇನ್ನೆರಡು ನಿಮಿಷ ಸಿಕ್ಕರೆ ಸೋಮವಾರದ ಕಥೆ. ಆಗ ಅಮೆರಿಕದಿಂದ ಪಿಎಲ್-480 ಒಪ್ಪಂದದಡಿ ಹಡಗಿನಲ್ಲಿ ಬಂದ ಗೋಧಿಯನ್ನು ನಾವು ಉಣ್ಣುತ್ತಿದ್ದೆವು. 1965ರ ಯುದ್ಧದ ಹೊತ್ತಿಗೆ ಅದರ ಮೇಲೂ ಅಮೆರಿಕದ ಬಿಗಿ ಶುರುವಾಗಿತ್ತು. ವಾರಕ್ಕೆ ಒಂದು ಹೊತ್ತಿನ ಊಟ ಬಿಡಿ, ಸೋಮವಾರ ರಾತ್ರಿ ಒಲೆ ಹಚ್ಚಬೇಡಿ ಎಂದು ಶಾಸ್ತ್ರಿ ಜನರನ್ನು ಕೇಳಿಕೊಂಡರು. ತಮ್ಮ ಮನೆಯಲ್ಲಿ ಮೊದಲು ಪಾಲಿಸಿದರು. ಜನಪಥದ ಸರ್ಕಾರಿ ಬಂಗಲೆಯ ಹುಲ್ಲುಹಾಸನ್ನು ಉಳುಮೆ ಮಾಡಿಸಿ ಧಾನ್ಯ ಬಿತ್ತಿದರು. ನಮ್ಮ ಮನೆಯಲ್ಲಿ ಈ ಕರೆಯನ್ನು ಪಾಲಿಸುವುದು ಕಷ್ಟವೇ ಆಗಲಿಲ್ಲ, ಅಮ್ಮ ಮೊದಲಿನಿಂದಲೂ ಸೋಮವಾರ ಒಪ್ಪತ್ತು ಮಾಡುತ್ತಿದ್ದವರು. ‘ಶಿವನಿಗೂ ಆಯಿತು, ಶಾಸ್ತ್ರಿಗೂ ಆಯಿತು’ ಎನ್ನುತ್ತಿದ್ದರು. ಹಸಿದುಕೊಂಡು ಮಲಗಿದ ನಮಗೆ ಶಿವ, ಶಾಸ್ತ್ರಿ ಇಬ್ಬರ ಮೇಲೂ ಸಮನಾದ ಸಿಟ್ಟಿತ್ತು.

ಉಪವಾಸ ಹೇಳಿ ಅಲ್ಲಿಗೇ ನಿಲ್ಲಿಸಬೇಡಿ. ಉಪವಾಸದಿಂದ ಕೊರತೆ ನೀಗುವುದಿಲ್ಲ ಎಂದು ಅವರಿಗೂ ಗೊತ್ತಿತ್ತು. ಅದಕ್ಕೇ ಸಿ. ಸುಬ್ರಹ್ಮಣ್ಯಂ ಅವರನ್ನು ಕೃಷಿ ಖಾತೆಗೆ ತಂದರು, ರೈತನಿಗೆ ಬೆಳೆಯುವ ಮೊದಲೇ ಬೆಲೆಯ ಭರವಸೆ ಕೊಡುವ ವ್ಯವಸ್ಥೆ ಮಾಡಿದರು, ಕೊಳ್ಳಲು ನಿಗಮ ಕಟ್ಟಿದರು. ಮೆಕ್ಸಿಕೋದ ಗಿಡ್ಡ ಗೋಧಿಯ ತಳಿಗಳು ಆ ದಿನಗಳಲ್ಲೇ ನಮ್ಮ ಹೊಲಗಳಿಗೆ ಬರತೊಡಗಿದವು. 1966ರಲ್ಲಿ 18,000 ಟನ್ ಬೀಜ ಬಂದಿಳಿಯಿತು. ಅದನ್ನು ನೋಡಲು ಅವರು ಉಳಿದಿರಲಿಲ್ಲ. ‘ಜೈ ಜವಾನ್ ಜೈ ಕಿಸಾನ್’ ಎಂದು ಕೂಗಿಸುವ ಮೊದಲು ಕಿಸಾನನಿಗೆ ಏನು ಮಾಡಿದರು ಎಂಬುದೂ ಮಕ್ಕಳ ಕಿವಿಗೆ ಬೀಳಲಿ.

ಪ್ರಶ್ನೆ: ತಾಷ್ಕೆಂಟಿನಲ್ಲಿ ನಿಜವಾಗಿ ಏನಾಯಿತು? ವಿಷಪ್ರಾಶನವೇ? ಧೈರ್ಯವಿದ್ದರೆ ಬರೆಯಿರಿ.
— ವ್ಯಾಪಾರಿ, ದಾವಣಗೆರೆ

ಉತ್ತರ: ಇದಕ್ಕೆ ಧೈರ್ಯ ಬೇಡ, ಸಾಕ್ಷ್ಯ ಬೇಕು. ಜನವರಿ 10ರ ಸಂಜೆ ಸಹಿಯಾಯಿತು, ನಡುರಾತ್ರಿ ಕಳೆದ ಮೇಲೆ ಶಾಸ್ತ್ರಿಯವರು ತೀರಿಕೊಂಡರು. ಹೃದಯಾಘಾತ ಎಂಬುದು ಅಧಿಕೃತ ಕಾರಣ. ಹೃದಯದ ತೊಂದರೆ ಅವರಿಗೆ ಮೊದಲೇ ಇತ್ತು. ಶವಪರೀಕ್ಷೆ ನಡೆಯಲಿಲ್ಲ, ಮನೆಯವರು ಅನುಮಾನ ವ್ಯಕ್ತಪಡಿಸಿದರು. ಕುಟುಂಬದವರು ಕೇಳಿದ ಪ್ರಶ್ನೆಗೆ ಸರ್ಕಾರಗಳು ಇನ್ನಷ್ಟು ತೆರೆದ ಮನಸ್ಸಿನಿಂದ ಉತ್ತರಿಸಬೇಕಿತ್ತು. ಆದರೆ ನೀವು ಕಳುಹಿಸಿರುವ ವಿಡಿಯೊಗಳಲ್ಲಿ ಹಿನ್ನೆಲೆ ಸಂಗೀತ ಇರುವಷ್ಟು ಆಧಾರ ಇಲ್ಲ. ಆ ಒಂದು ರಾತ್ರಿಯ ಬಗ್ಗೆ ಗಂಟೆಗಟ್ಟಲೆ ಮಾತನಾಡುವವರಿಗೆ ಅಂದು ಬೆಳಗ್ಗೆವರೆಗೆ ನಡೆದ ಚೌಕಾಶಿಯ ಬಗ್ಗೆ ಕೇಳಿ. 1965ರ ಆಗಸ್ಟ್ 28ರಂದು ನಮ್ಮ ಸೈನಿಕರು ಪ್ರಾಣ ಕೊಟ್ಟು ಗೆದ್ದ ಹಾಜಿಪೀರ್ ಕಣಿವೆಯನ್ನು ಆ ಒಪ್ಪಂದದಲ್ಲಿ ಬಿಟ್ಟುಕೊಟ್ಟದ್ದು ಸರಿಯೋ ತಪ್ಪೋ? ವಾದಿಸಲು ಅದು ಗಟ್ಟಿ ವಿಷಯ. ಛಂಬ್ ಕಡೆ ಅವರು ಹಿಡಿದಿದ್ದ ನಮ್ಮ ನೆಲ ಹಿಂದಿರುಗಬೇಕಾದರೆ ಹಾಜಿಪೀರ್ ಬಿಡದೆ ಗತಿಯಿರಲಿಲ್ಲ ಎಂದು ನನ್ನ ಅಭಿಪ್ರಾಯ. ಸೇನೆಯಲ್ಲಿದ್ದ ನನ್ನ ಷಡ್ಡಕರು ಇದನ್ನು ಒಪ್ಪುವುದಿಲ್ಲ. ಹಬ್ಬದೂಟಕ್ಕೆ ಸೇರಿದಾಗಲೆಲ್ಲ ಈ ಕಣಿವೆಗಾಗಿ ನಮ್ಮಲ್ಲಿ ಯುದ್ಧವಾಗುತ್ತದೆ.

ಪ್ರಶ್ನೆ: ಹೊಗಳಿದ್ದು ಸಾಕು. ನಿಮ್ಮ ಆದರ್ಶ ನಾಯಕರು ಮಾಡಿದ ತಪ್ಪುಗಳನ್ನೂ ಹೇಳಿ ನೋಡೋಣ.
— ಪತ್ರಿಕೋದ್ಯಮ ವಿದ್ಯಾರ್ಥಿನಿ, ಮಂಗಳೂರು

ಉತ್ತರ: ನಿಮ್ಮ ಜಿಲ್ಲೆಯಲ್ಲೇ ಒಂದಿದೆ. ಸುಳ್ಯ, ಪುತ್ತೂರು ಕಡೆಯ ಸರ್ಕಾರಿ ರಬ್ಬರ್ ತೋಟಗಳಿಗೆ ಹೋಗಿ ಅಲ್ಲಿನ ತಮಿಳು ಮಾತನಾಡುವ ಕಾರ್ಮಿಕರನ್ನು, ನಿಮ್ಮ ಅಜ್ಜ ಎಲ್ಲಿಯವರು ಎಂದು ಕೇಳಿ. ಶ್ರೀಲಂಕಾದ ಚಹಾ ಗುಡ್ಡಗಳು ಎನ್ನುತ್ತಾರೆ. 1964ರ ಅಕ್ಟೋಬರಿನಲ್ಲಿ ಶಾಸ್ತ್ರಿಯವರೂ ಸಿರಿಮಾವೊ ಬಂಡಾರನಾಯಕೆಯವರೂ ಕುಳಿತು, ಯಾವ ದೇಶದ ಪೌರತ್ವವೂ ಇಲ್ಲದೆ ಉಳಿದಿದ್ದ 9,75,000 ಜನರನ್ನು ಹಂಚಿಕೊಂಡರು. 5,25,000 ಜನ ಭಾರತಕ್ಕೆ, 3,00,000 ಜನ ಸಿಲೋನಿಗೆ, ಉಳಿದ 1,50,000 ಜನರ ಮಾತು ಆಮೇಲೆ. ತಲೆಮಾರುಗಳಿಂದ ಅಲ್ಲೇ ಹುಟ್ಟಿ, ಅಲ್ಲೇ ದುಡಿದವರನ್ನು ‘ನಿಮಗೆ ಎಲ್ಲಿರಬೇಕು?’ ಎಂದು ಯಾರೂ ಕೇಳಲಿಲ್ಲ. ನೆಹರೂ ಅವರು ಒಪ್ಪದೆ ಎಳೆದಿದ್ದ ವಿಷಯವನ್ನು ಶಾಸ್ತ್ರಿ ಬಗೆಹರಿಸಿದರು ಎಂದು ಆಗ ಶ್ಲಾಘಿಸಿದವರಿದ್ದರು. ನೆರೆಯವರೊಡನೆ ಸ್ನೇಹ ಉಳಿಯಿತು, ಸರಿ. ಬೆಲೆ ತೆತ್ತವರು ಮಾತ್ರ ಒಪ್ಪಂದದ ಮೇಜಿನ ಹತ್ತಿರವೂ ಇರಲಿಲ್ಲ. ಕೇಳುವ ಗುಣಕ್ಕಾಗಿ ನಾನು ಮೆಚ್ಚುವ ಮನುಷ್ಯ ಇಲ್ಲಿ ಕೇಳಬೇಕಾದವರನ್ನು ಕೇಳಲಿಲ್ಲ.

ಎರಡನೆಯದು ಭಾಷೆಯ ವಿಷಯ. 1965ರ ಜನವರಿ 26ರಿಂದ ಹಿಂದಿ ಪ್ರಧಾನ ಆಡಳಿತ ಭಾಷೆಯಾಗಲಿದೆ ಎಂದಾಗ ತಮಿಳುನಾಡಿನಲ್ಲಿ ಯುವಕರು ಮೈಗೆ ಬೆಂಕಿ ಹಚ್ಚಿಕೊಂಡರು, ಗೋಲಿಬಾರುಗಳಾದವು. ದೆಹಲಿ ಎರಡು ವಾರ ತಡವರಿಸಿತು. ಫೆಬ್ರುವರಿ 11ರಂದು ತಮಿಳುನಾಡಿನವರಾದ ಸುಬ್ರಹ್ಮಣ್ಯಂ ಮತ್ತು ಅಳಗೇಶನ್ ಕೇಂದ್ರ ಸಚಿವ ಸ್ಥಾನಕ್ಕೆ ರಾಜೀನಾಮೆ ಕೊಟ್ಟ ಮೇಲೆಯೇ, ಅದೇ ರಾತ್ರಿ, ಶಾಸ್ತ್ರಿಯವರು ಆಕಾಶವಾಣಿಯಲ್ಲಿ ಇಂಗ್ಲಿಷ್ ಮುಂದುವರಿಯುತ್ತದೆ ಎಂಬ ನೆಹರೂ ಭರವಸೆಯನ್ನು ಪುನರುಚ್ಚರಿಸಿದ್ದು. ಮಾತು ಕೊಟ್ಟರು, ಆದರೆ ಕಾನೂನು ಮಾಡಲಿಲ್ಲ. ಆ ತಿದ್ದುಪಡಿ ಬಂದದ್ದು 1967ರಲ್ಲಿ. ಹಿಂದಿ ನಾಡಿನಿಂದ ಬಂದವರಿಗೆ ದಕ್ಷಿಣದ ನೋವು ತಟ್ಟುವುದು ಯಾವಾಗಲೂ ಸ್ವಲ್ಪ ತಡ. ಅದು ಶಾಸ್ತ್ರಿಯವರ ಕಾಲಕ್ಕೆ ಮುಗಿದ ರೋಗವೂ ಅಲ್ಲ.

ಪ್ರಶ್ನೆ: ಮನೆಯಲ್ಲಿ ಮಾವನವರು ನೆಹರೂ ಪಕ್ಷ, ನನ್ನ ಗಂಡ ಪಟೇಲರ ಪಕ್ಷ. ಊಟಕ್ಕೆ ಕೂತರೆ ಕಾದಾಟ. ಯಾರ ಕಡೆ ನಿಲ್ಲಲಿ?
— ಗೃಹಿಣಿ, ಮೈಸೂರು

ಉತ್ತರ: ಬಡಿಸುವುದನ್ನು ನಿಲ್ಲಿಸಿ. ನೆಹರೂ, ಪಟೇಲ್ ಇಬ್ಬರೂ ಒಂದೇ ಸಚಿವ ಸಂಪುಟದಲ್ಲಿ ಕೂತು ಕೆಲಸ ಮಾಡಿದರು, ತಂದೆ-ಮಗ ಒಂದೇ ಪಂಕ್ತಿಯಲ್ಲಿ ಕೂರಲಾರರೇ?

ಪ್ರಶ್ನೆ: ನಮ್ಮ ಹೊಲ ಆಲಮಟ್ಟಿ ಹಿನ್ನೀರಿನಲ್ಲಿ ಹೋಯಿತು. ಆ ಜಲಾಶಯಕ್ಕೆ ಇಟ್ಟಿರುವುದು ನಿಮ್ಮ ಆದರ್ಶ ನಾಯಕರ ಹೆಸರು. ನಾನು ಅವರನ್ನು ಹೇಗೆ ಮೆಚ್ಚಲಿ?
— ರೈತ, ಬಾಗಲಕೋಟೆ ಜಿಲ್ಲೆ

ಉತ್ತರ: ಮೆಚ್ಚಬೇಕಾಗಿಲ್ಲ. ಬಂದ ಪತ್ರಗಳಲ್ಲೆಲ್ಲ ನಿಮ್ಮದಕ್ಕೇ ನಾನು ಹೆಚ್ಚು ಹೊತ್ತು ಕೂತದ್ದು.

1964ರ ಮೇ 22ರಂದು ಆಲಮಟ್ಟಿಯಲ್ಲಿ ಅಡಿಗಲ್ಲು ಇಟ್ಟಾಗ ಶಾಸ್ತ್ರಿಯವರು ಖಾತೆಯಿಲ್ಲದ ಸಚಿವರು. ನೆಹರೂ ಕಾಯಿಲೆಯಲ್ಲಿದ್ದುದರಿಂದ ಅವರ ಕೆಲಸದ ಬಹುಪಾಲು ಇವರ ಹೆಗಲಿಗೆ ಬಂದಿತ್ತು. ಅಂದಿನ ಮೈಸೂರು ರಾಜ್ಯದ ಮುಖ್ಯಮಂತ್ರಿ ನಿಜಲಿಂಗಪ್ಪ. ಅದರ ಹಿಂದಿನ ಅಕ್ಟೋಬರಿನಲ್ಲಿ ತಿರುಪತಿಯಲ್ಲಿ ಕಾಂಗ್ರೆಸ್ ಮುಖಂಡರಾದ ಕಾಮರಾಜ್, ಸಂಜೀವ ರೆಡ್ಡಿ, ಅತುಲ್ಯ ಘೋಷ್ ಜೊತೆ ಕೂತು, ನೆಹರೂ ನಂತರ ಶಾಸ್ತ್ರಿಯೇ ಆಗಲಿ ಎಂದು ಮನಸ್ಸು ಮಾಡಿದವರಲ್ಲಿ ಅವರೂ ಒಬ್ಬರು. ಕಲ್ಲು ಇಟ್ಟ ಐದನೆಯ ದಿನ ನೆಹರೂ ತೀರಿಕೊಂಡರು, ಜೂನ್ 9ಕ್ಕೆ ಶಾಸ್ತ್ರಿ ಪ್ರಧಾನಿಯಾದರು. ಬರಗಾಲದಲ್ಲಿ ಬೆಂದ ವಿಜಯಪುರ ಸೀಮೆಗೆ ಕೃಷ್ಣೆಯ ನೀರು ಎಂಬ ಆಸೆಗೆ ಆ ಕಲ್ಲು ಗುರುತಾಗಿತ್ತು. ಅದೇ ಜಲಾಶಯ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರಿಂದ ಲೋಕಾರ್ಪಣೆಯಾದದ್ದು 2006ರಲ್ಲಿ. ನಡುವೆ ಹೋದದ್ದು 42 ವರ್ಷ. ಅಷ್ಟರಲ್ಲಿ ಹಳೆಯ ಬಾಗಲಕೋಟೆಯ ಓಣಿಗಳು ನೀರಿಗೆ ಇಳಿದವು, ನವನಗರ ಎದ್ದಿತು, ಹಳ್ಳಿಗಳು ಗುಡಿ-ಗುಂಡಾರ ಬಿಟ್ಟು ಎತ್ತರಕ್ಕೆ ಹೋದವು.

ಅಡಿಗಲ್ಲು ಇಟ್ಟವರನ್ನು ಮುಂದಿನ ನಲವತ್ತು ವರ್ಷಗಳಿಗೆ ಹೊಣೆ ಮಾಡಬಹುದೇ? ಬೇಡ ಎಂದು ಹೇಳಿಬಿಡುವುದು ನನಗೆ ಸುಲಭ. ಆದರೆ ಕುರ್ತಾ ಬಿಡಿ, ಕೆಲಸ ನೋಡಿ ಎಂದು ಮೇಲೆ ಶಿವಮೊಗ್ಗದವರಿಗೆ ಉಪದೇಶ ಮಾಡಿದವನು ನಾನೇ. ಹಾಗಾದ ಮೇಲೆ ಆ ಕಲ್ಲೂ ಅವರ ಲೆಕ್ಕದಲ್ಲೇ ಇರಬೇಕು, ನೀರು ಕಂಡ ಹೊಲದ ಜೊತೆಗೆ ನೀರಿನಡಿ ಹೋದ ಹೊಲವೂ. ನಿಮ್ಮ ಸಿಟ್ಟಿಗೆ ಜಾಗ ಬಿಡದ ಮೆಚ್ಚುಗೆ ನನಗೂ ಬೇಡ.

ನನ್ನನ್ನು ಕಾಡುವುದು ಇನ್ನೊಂದು. ಅರಿಯಲೂರಿನಲ್ಲಿ ಸೇತುವೆ ಬಿದ್ದಾಗ ಒಬ್ಬರು ಕುರ್ಚಿ ಬಿಟ್ಟರು. ನಿಮ್ಮ ಪರಿಹಾರದ ಹಣ ತಡವಾದ ದಶಕಗಳಲ್ಲಿ ಎಷ್ಟೋ ನೀರಾವರಿ ಸಚಿವರು ಬಂದುಹೋದರು. ನೂರಾರು ಹಳ್ಳಿಗಳು ಕಾಯುತ್ತ ಕೂತದ್ದಕ್ಕಾಗಿ ಅವರಲ್ಲಿ ಯಾರು ಎದ್ದುಹೋದರು? ಜಲಾಶಯಕ್ಕೆ ಶಾಸ್ತ್ರಿಯವರ ಹೆಸರಿಟ್ಟವರು ಅದರ ಕಡತಗಳಿಗೂ ಅವರ ಪದ್ಧತಿಯನ್ನು ಇಡಬೇಕಿತ್ತು. ಈಗ 519.6 ಮೀಟರಿನಲ್ಲಿ ನಿಂತಿರುವ ಜಲಾಶಯದ ಮಟ್ಟವನ್ನು 524.256 ಮೀಟರಿಗೆ ಏರಿಸಲು 2010ರಲ್ಲಿ ಕೃಷ್ಣಾ ಜಲವಿವಾದ ನ್ಯಾಯಮಂಡಳಿ ಒಪ್ಪಿದೆ. ಹೊಲ ಕೊಡುವ ಸರದಿ ಇನ್ನೂ ಎಷ್ಟೋ ಜನರಿಗೆ ಬರಲಿಕ್ಕಿದೆ.

ಹೆಚ್ಚುವರಿ ಪರಿಹಾರದ ಬಗ್ಗೆ ನೀವು ಬೇರೆ ಹಾಳೆಯಲ್ಲಿ ಬರೆದಿರುವುದನ್ನು ವಕೀಲ ಮಿತ್ರರೊಬ್ಬರಿಗೆ ತೋರಿಸಿದೆ. ಭೂಸ್ವಾಧೀನ ಅಧಿಸೂಚನೆಯ ದಿನಾಂಕವೂ ಐತೀರ್ಪಿನ (ಪರಿಹಾರ ನಿಗದಿಪಡಿಸಿದ ಆದೇಶದ) ಪ್ರತಿಯೂ ಇಲ್ಲದೆ ಏನೂ ಹೇಳಲಾಗದು ಎಂದರು. ನಿಮ್ಮದೇ ಅಧಿಸೂಚನೆಯಡಿ ಅಕ್ಕಪಕ್ಕದವರು ನ್ಯಾಯಾಲಯಕ್ಕೆ ಹೋಗಿ ಹೆಚ್ಚು ಪಡೆದಿದ್ದರೆ ಆ ತೀರ್ಪಿನ ದಿನಾಂಕವೂ ಬೇಕಂತೆ, ಅದಕ್ಕೆ ಅವಧಿಯ ಮಿತಿ ಇರುತ್ತದೆ. ಮೂಲ ಕಾಗದ ಕಳುಹಿಸಬೇಡಿ, ನೆರಳಚ್ಚು ಸಾಕು.